ವಾಡಿ: ಊರಿನ ಪರಿಚಯವೂ ಪಾಠದ ಪೂರ್ವಜ್ಞಾನವೂ

ಪಾಠಾಭ್ಯಾಸಕ್ಕೆ ನನಗೆ ದೊರೆತದ್ದು ವಾಡಿಯ ಒಂದು ಪ್ರೌಢಶಾಲೆ. ಎಂಟನೆಯ ತರಗತಿ, ಪಾಠದ ವಿಷಯ ಸುಣ್ಣದ ಕಲ್ಲು. ಪಾಠಯೋಜನೆಯ ‘ಪೂರ್ವಜ್ಞಾನ’ ಅಂಕಣದಲ್ಲಿ ‘ವಿದ್ಯಾರ್ಥಿಗಳಿಗೆ ಸುಣ್ಣದ ಕಲ್ಲು ಗೊತ್ತಿದೆ’ ಎಂದು ಬರೆದಿದ್ದೆ. ಮೊದಲ ಪ್ರಶ್ನೆಗೇ ಹಿಂದಿನ ಎರಡು ಸಾಲು ಸುಮ್ಮನಾದವು. ಆ ಮಕ್ಕಳನ್ನು ನನ್ನ ಟಿಪ್ಪಣಿಯಲ್ಲಿ ‘ನಿಧಾನ ಕಲಿಕೆಯವರು’ ಎಂದು ಗುರುತಿಸಿದೆ. ಅದು ತಪ್ಪೆಂದು ತಿಳಿದದ್ದು ಊರನ್ನು ಅರಿತ ಮೇಲೆ.

ವಾಡಿ ಚಿತ್ತಾಪುರ ತಾಲ್ಲೂಕಿನ ಪುರಸಭೆಯ ಊರು. ಇದನ್ನು ಬೆಳೆಸಿದ್ದು ರೈಲು ಮತ್ತು ಕಲ್ಲು. ಮುಂಬೈ–ಚೆನ್ನೈ ಮಾರ್ಗದಿಂದ ಸಿಕಂದರಾಬಾದಿಗೆ ಇಲ್ಲಿ ಕವಲೊಡೆಯುವ ಹಳಿ ನಿಜಾಮರ ಕಾಲದಲ್ಲಿ, 1874ರಲ್ಲಿ, ಆರಂಭವಾಯಿತು. ಅದು ಚಿತ್ತಾಪುರ, ಸೇಡಂ ದಾಟಿ ತೆಲಂಗಾಣದ ತಾಂಡೂರಿಗೆ ಹೋಗುತ್ತದೆ. ಮುಂದೆ, ನೆಲದಡಿಯ ಸುಣ್ಣದ ಕಲ್ಲಿಗಾಗಿ ಎಸಿಸಿ ಸಿಮೆಂಟ್ ಕಾರ್ಖಾನೆ ಬಂತು. ನೆರೆಯ ಶಹಾಬಾದಿನ ಹಾಸುಗಲ್ಲೂ ಸುಣ್ಣದ ಕಲ್ಲೇ. ದುಡಿಯಲು ಬಂದವರೊಡನೆ ಅವರ ಮಾತೂ ಬಂತು. 1956ರ ನವೆಂಬರ್ 1ರವರೆಗೆ ಈ ಭಾಗ ಹೈದರಾಬಾದ್ ರಾಜ್ಯದಲ್ಲಿತ್ತು. ನಿಜಾಮರ ಕಚೇರಿಯ ಭಾಷೆ ಉರ್ದು. ಹೀಗಾಗಿ ಇಂದಿಗೂ ಇಲ್ಲಿ ಕನ್ನಡ, ಉರ್ದು, ತೆಲುಗು, ಮರಾಠಿ, ಲಂಬಾಣಿ ಒಂದೇ ಬೀದಿಯಲ್ಲಿ ಕೇಳಿಸುತ್ತವೆ.

ಎರಡನೆಯ ದಿನ ಪ್ರಶ್ನೆ ಬದಲಿಸಿದೆ: ‘ನಿಮ್ಮ ಮನೆಯ ನೆಲಕ್ಕೆ ಯಾವ ಕಲ್ಲು ಹಾಕಿದ್ದಾರೆ?’ ಇಡೀ ತರಗತಿ ‘ಫರ್ಸಿ’ ಎಂದಿತು. ಮನೆಯಲ್ಲಿ ಸುಣ್ಣಕ್ಕೆ ಏನೆನ್ನುತ್ತೀರಿ ಎಂದಾಗ ‘ಚೂನಾ’, ‘ಸುನ್ನಂ’ ಬಂದವು. ಮೂರನ್ನೂ ಕಪ್ಪುಹಲಗೆಯ ಮೇಲೆ ಬರೆದೆ. ಫರ್ಸಿ ಚೂರನ್ನು ಕೆರೆದು, ಪುಡಿಯ ಮೇಲೆ ಲಿಂಬೆರಸ ಹಿಂಡಿದೆವು. ಸಣ್ಣ ಗುಳ್ಳೆಗಳು ಎದ್ದವು. ಹಿಂದಿನ ಸಾಲಿನ ಹುಡುಗನೊಬ್ಬ ಎದ್ದು ನಿಂತ: ‘ನಮ್ಮಪ್ಪ ದಿನಾ ಈ ಕಲ್ಲಿಗಿ ನೀರು ಹಾಕಿ ಕೊಯ್ತಾರ್ರಿ. ಆವಾಗ ಗುಳ್ಳಿ ಬರಂಗಿಲ್ಲ, ಲಿಂಬಿಗಿ ಯಾಕ ಬರ್ತಾವ್ರಿ?’

ನನ್ನ ಪಾಠಯೋಜನೆಯಲ್ಲಿ ಇರಬೇಕಿದ್ದ ಪ್ರಶ್ನೆ ಅದು. ಕಲ್ಲಿನಲ್ಲಿರುವ ಕ್ಯಾಲ್ಸಿಯಂ ಕಾರ್ಬೊನೇಟು ಆಮ್ಲದೊಡನೆ ವರ್ತಿಸಿ ಕಾರ್ಬನ್ ಡೈಆಕ್ಸೈಡ್ ಬಿಡುತ್ತದೆ. ಬರೀ ನೀರಿಗೆ ಹಾಗಾಗದು. ಅದೇ ಅನಿಲವನ್ನು ಸಿಮೆಂಟಿನ ಗೂಡು ಕಾವಿನಿಂದ ಹೊರಡಿಸುತ್ತದೆ. ಗೂಡಿನೊಳಗೆ ಸುಮಾರು 1450 ಡಿಗ್ರಿ ಸೆಲ್ಸಿಯಸ್ ತಲುಪಿದಾಗ ಸಿಮೆಂಟಿನ ಗಟ್ಟಿಗಳು ರೂಪುಗೊಳ್ಳುತ್ತವೆ ಎಂದೂ ವಿವರಿಸಿದೆ.

ಆ ಹುಡುಗನ ಹೆಸರಿನ ಮುಂದಿದ್ದ ನನ್ನ ಟಿಪ್ಪಣಿಯನ್ನು ಅಂದೇ ಹೊಡೆದುಹಾಕಿದೆ. ಸೇಡಂ, ಚಿಂಚೋಳಿಯ ಶಾಲೆಗಳಿಗೆ ಹೋಗುವ ಸಹಪ್ರಶಿಕ್ಷಣಾರ್ಥಿಗಳಲ್ಲಿ ಒಂದು ವಿನಂತಿ: ಪೂರ್ವಜ್ಞಾನದ ಅಂಕಣ ತುಂಬುವ ಮೊದಲು ಒಂದು ಸಂಜೆ ಆ ಊರಿನಲ್ಲಿ ನಡೆದಾಡಿ, ಅದರ ಪಕ್ಕದಲ್ಲಿ ‘ಮನೆಮಾತಿನ ಪದಗಳು’ ಎಂಬ ಇನ್ನೊಂದು ಅಂಕಣ ಎಳೆದುಕೊಳ್ಳಿ.