ಹೊಳೆಯ ಮೀನು: ಹೊಟ್ಟೆಗೋ, ಆಟಕ್ಕೋ?

ಜೂನ್ ತಿಂಗಳ ಮೊದಲ ದೊಡ್ಡ ಮಳೆ ಸುರಿದ ರಾತ್ರಿ ಪೆರಾಬೆ, ಆಲಂಕಾರು, ಕುಂತೂರು ಕಡೆಯ ಹುಡುಗರಿಗೆ ನಿದ್ದೆ ಬರುವುದಿಲ್ಲ. ಕುಮಾರಧಾರೆಗೆ ಹೊಸ ನೀರು ಬಂದಿತೆಂದರೆ ಮೀನು ಏರಿ ಬರುತ್ತದೆ ಎಂದೇ ಅರ್ಥ. ಟಾರ್ಚು, ಬೀಸುಬಲೆ, ಕತ್ತಿ ಹಿಡಿದು ತೋಡಿಗೂ ಗದ್ದೆಗೂ ಇಳಿಯುತ್ತಾರೆ. ತುಳುವಿನಲ್ಲಿ ಇದನ್ನು 'ಉಬರ್ ಮೀನು' ಹಿಡಿಯುವುದು ಎನ್ನುತ್ತಾರೆ. ಬೆಳಗಾದರೆ ಉಮ್ಮಂದಿರಿಗೆ ಮೀನು ಕೊಯ್ಯುವುದೇ ಕೆಲಸ. ಕುಚ್ಚಲಕ್ಕಿ ಗಂಜಿಗೆ ಹೊಳೆ ಮೀನಿನ ಸಾರು ಸಿಕ್ಕಿದರೆ ಆ ದಿನಕ್ಕೆ ಬೇರೇನು ಬೇಕು?

ಆದರೆ ಕೊಯ್ಯುವಾಗ ಹೊಟ್ಟೆಯ ತುಂಬ ಮೊಟ್ಟೆ ಕಂಡಾಗ ನಾವು ಒಂದು ಕ್ಷಣವಾದರೂ ಯೋಚಿಸಿದ್ದೇವೆಯೇ? ಮೀನು ಏರಿ ಬರುವುದು ನಮ್ಮ ಸಾರಿಗಾಗಿ ಅಲ್ಲ, ಮರಿ ಮಾಡುವುದಕ್ಕಾಗಿ.

ಸಾಲ್ಮನ್ ಮತ್ತು ಪೆರುವೋಳ್

ಯುರೋಪ್, ಅಮೆರಿಕಗಳ ಸಾಲ್ಮನ್ ಮೀನಿನ ಕಥೆಯೂ ಇದೇ. ಅದು ಹೊಳೆಯಲ್ಲಿ ಹುಟ್ಟಿ, ಸಮುದ್ರದಲ್ಲಿ ಬೆಳೆದು, ಮೊಟ್ಟೆಯಿಡಲು ಮತ್ತೆ ತನ್ನ ಹೊಳೆಗೇ ಮರಳುತ್ತದೆ. ನಮ್ಮ ಮಾರುಕಟ್ಟೆಯಲ್ಲಿ 'ಇಂಡಿಯನ್ ಸಾಲ್ಮನ್' ಎಂದು ಮಾರುವ ರಾವಸ್ ಆ ಜಾತಿಯದ್ದಲ್ಲ. ಸಾಲ್ಮನ್‌ಗೆ ಸರಿಸಾಟಿ ಎನ್ನಬಹುದಾದ ಮೀನು ನಮ್ಮ ಹೊಳೆಯಲ್ಲೇ ಇದೆ. ಅದೇ ಪೆರುವೋಳ್, ಅಂದರೆ ಮಹಶೀರ್. ಇದು ಸಮುದ್ರಕ್ಕೆ ಹೋಗುವುದಿಲ್ಲ. ಮಳೆಗಾಲದಲ್ಲಿ ಹೊಳೆಯ ಮೇಲ್ಭಾಗಕ್ಕೆ ಈಜಿ ಕಲ್ಲುಗಳ ನಡುವೆ ಮೊಟ್ಟೆಯಿಡುತ್ತದೆ.

ಈ ಮೀನಿಗೆ ಜಗತ್ತಿನಲ್ಲಿ ಹೆಸರು ತಂದವರಲ್ಲಿ ನಮ್ಮ ಜಿಲ್ಲೆಯ ಕಲೆಕ್ಟರೊಬ್ಬರಿದ್ದರು ಎಂದರೆ ಆಶ್ಚರ್ಯವಾದೀತು. ಅವರು ದಕ್ಷಿಣ ಕೆನರಾದ ಹೆನ್ರಿ ಸಲಿವನ್ ಥಾಮಸ್. ಅವರ 'ದಿ ರಾಡ್ ಇನ್ ಇಂಡಿಯಾ' ಎಂಬ ಪುಸ್ತಕ 1873ರಲ್ಲಿ ಮಂಗಳೂರಿನಲ್ಲೇ ಅಚ್ಚಾಯಿತು. ಅಷ್ಟೇ ಗಾತ್ರದ ಸಾಲ್ಮನ್‌ಗಿಂತ ಮಹಶೀರ್ ಹೆಚ್ಚು ಸೆಣಸುತ್ತದೆ ಎಂಬುದು ಅವರ ಅಭಿಪ್ರಾಯ. ಮರಿಮೀನುಗಳನ್ನು ಬಾಚಿ ಕೊಲ್ಲುವುದರ ವಿರುದ್ಧವೂ ಅವರು ಆಗಲೇ ಎಚ್ಚರಿಸಿದ್ದರು.

ಹಿಡಿದು ಬಿಡುವ ಆಟ

ಗಾಳದ ಆಟ ನಮ್ಮ ರಾಜ್ಯದಲ್ಲಿ ಬೆಳೆದದ್ದು ಕಾವೇರಿ, ಕಬಿನಿ ನದಿಗಳಲ್ಲಿ. 1946ರಲ್ಲಿ ಮೈಸೂರಿನ ವ್ಯಾನ್ ಇಂಗನ್ ಸಹೋದರರಲ್ಲಿ ಒಬ್ಬರು ಕಬಿನಿಯಲ್ಲಿ ಹಿಡಿದ ಮಹಶೀರ್ 120 ಪೌಂಡ್, ಅಂದರೆ ಸುಮಾರು 54 ಕಿಲೋ ತೂಗಿತ್ತು! ಮುಂದೆ ಭೀಮೇಶ್ವರಿ, ಗಾಲಿಬೋರ್, ದೊಡ್ಡಮಾಕಳಿಗಳಲ್ಲಿ ಶಿಬಿರಗಳಾದವು. ವಿದೇಶದಿಂದಲೂ ಜನ ಬಂದು, ಹರಿಗೋಲಿನಲ್ಲಿ ಕುಳಿತು, ರಾಗಿ ಮುದ್ದೆಯನ್ನು ಗಾಳಕ್ಕೆ ಸಿಕ್ಕಿಸಿ ಕಾಯುತ್ತಿದ್ದರು. ಸಿಕ್ಕಿದ ಮೀನನ್ನು ತೂಗಿ, ಫೋಟೋ ತೆಗೆದು, ಮತ್ತೆ ನೀರಿಗೇ ಬಿಡುವುದು ಅಲ್ಲಿಯ ನಿಯಮವಾಗಿತ್ತು.

ತಿನ್ನುವುದಕ್ಕಲ್ಲದೆ ಬರೀ ಮೋಜಿಗಾಗಿ ಒಂದು ಜೀವಿಯ ಬಾಯಿಗೆ ಕೊಕ್ಕೆ ಹಾಕುವುದು ಸರಿಯೇ ಎಂಬ ಪ್ರಶ್ನೆ ಸಹಜ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಹೆಸರಿನಲ್ಲಿ 2010ರ ದಶಕದ ಆರಂಭದಲ್ಲಿ ಕಾವೇರಿ ವನ್ಯಧಾಮದೊಳಗೆ ಈ ಆಟ ನಿಂತಿತು. ಆದರೆ ಇನ್ನೊಂದು ಮಗ್ಗುಲನ್ನೂ ಹೇಳಲೇಬೇಕು. ಶಿಬಿರ ಇದ್ದಷ್ಟು ದಿನ ಅಲ್ಲಿ ಕಾವಲಿತ್ತು, ಸ್ಥಳೀಯರಿಗೆ ಕೆಲಸವಿತ್ತು. 1998ರಿಂದ 2012ರವರೆಗೆ ಗಾಲಿಬೋರ್‌ನ ಗಾಳಗಾರರು ಬರೆದಿಟ್ಟ ಲೆಕ್ಕದಿಂದಲೇ ಕಾವೇರಿಯ ಗೂನುಬೆನ್ನಿನ ಮಹಶೀರ್ ಕಣ್ಮರೆಯಾಗುತ್ತಿರುವುದು ತಿಳಿದುಬಂತು. ಹೊರಗಿನಿಂದ ತಂದು ಬಿಟ್ಟ ಇನ್ನೊಂದು ಜಾತಿಯ ಮಹಶೀರ್ ಅಲ್ಲಿ ಹೆಚ್ಚಿತ್ತು. 2018ರಲ್ಲಿ ಗೂನುಬೆನ್ನಿನ ಮಹಶೀರ್ ಅಳಿವಿನ ಅಂಚಿನ ಮೀನುಗಳ ಪಟ್ಟಿಗೆ ಸೇರಿತು.

ನಿಜವಾದ ಶತ್ರು

ಹಾಗಾದರೆ ಹೊಳೆಯನ್ನು ಬರಿದು ಮಾಡುವವರು ಯಾರು? ಗಾಳ ಹಾಕಿ ಗಂಟೆಗಟ್ಟಲೆ ಕಾಯುವವನಲ್ಲ. ತೋಟೆ ಸಿಡಿಸುವವನು, ನೀರಿಗೆ ವಿಷ ಹಾಕುವವನು. ಒಂದು ಗಾಳಕ್ಕೆ ಒಂದು ಮೀನು. ಒಂದು ತೋಟೆಗೆ ಇಡೀ ಗುಂಡಿಯ ಮೀನು, ಮರಿ, ಮೊಟ್ಟೆ ಎಲ್ಲವೂ ನಾಶ. ಹಿಡಿದವನ ಬುಟ್ಟಿಗೆ ಬೀಳುವುದು ಕೆಲವೇ, ಉಳಿದವು ಕೊಳೆತು ತೇಲಿಹೋಗುತ್ತವೆ. 1897ರ ಮೀನುಗಾರಿಕಾ ಕಾಯ್ದೆಯೇ ಈ ಎರಡನ್ನೂ ಅಪರಾಧವೆಂದಿದೆ.

ಬೆಳ್ತಂಗಡಿ ತಾಲೂಕಿನ ಶಿಶಿಲದಲ್ಲಿ ಕಪಿಲಾ ಹೊಳೆಯ ಪೆರುವೋಳ್‌ಗಳನ್ನು ದೇವರ ಮೀನೆಂದು ಜನ ಕಾಪಾಡಿಕೊಂಡು ಬಂದಿದ್ದಾರೆ. 1996ರಲ್ಲಿ ದುಷ್ಕರ್ಮಿಗಳು ಅಲ್ಲಿ ವಿಷ ಹಾಕಿದಾಗ ಸಾವಿರಾರು ಮೀನುಗಳು ಸತ್ತವು. ಊರವರು ಅವುಗಳಿಗೆ ಸ್ಮಾರಕವನ್ನೇ ಕಟ್ಟಿದರು. ಮತ್ತೆ ಕಾದರು. ಹೊಳೆ ಮತ್ತೆ ತುಂಬಿತು. ಕಾಯುವ ಮನಸ್ಸಿದ್ದರೆ ಹೊಳೆ ಮರಳಿ ಕೊಡುತ್ತದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಮೀನು ತಿನ್ನಬಾರದೆಂದು ಯಾರೂ ಹೇಳುತ್ತಿಲ್ಲ. ಅದು ನಮಗೆ ದೊರೆತ ಅನುಗ್ರಹ. ಆದರೆ ಅನುಗ್ರಹಕ್ಕೂ ಲೆಕ್ಕವಿದೆ. ಏರಿ ಬರುವ ಮೊದಲ ಕೆಲವು ದಿನ ಮೀನನ್ನು ಅದರ ಪಾಡಿಗೆ ಬಿಡೋಣ. ಸಣ್ಣ ಕಣ್ಣಿನ ಬಲೆ ಬೇಡ. ಬಲೆಗೆ ಬಿದ್ದ ಮರಿಯನ್ನು ನೀರಿಗೆ ಬಿಡುವುದನ್ನು ಮಕ್ಕಳಿಗೆ ಕಲಿಸೋಣ. ತೋಟೆ, ವಿಷದ ಮೀನು ಮನೆಗೆ ಬಂದರೆ 'ಇದು ಬೇಡ' ಎನ್ನುವ ಧೈರ್ಯ ಅಡುಗೆಮನೆಯಿಂದಲೇ ಆರಂಭವಾಗಲಿ. ಇಲ್ಲದಿದ್ದರೆ ಮುಂದೊಂದು ದಿನ ಮೊದಲ ಮಳೆಗೆ ಹುಡುಗರು ಟಾರ್ಚು ಹಿಡಿದು ಹೋದಾಗ ಅಲ್ಲಿ ನೀರು ಮಾತ್ರ ಇದ್ದೀತು.