ಅಡಿಗೆಗೆ ಕೊಬ್ಬರಿ ಎಣ್ಣೆ: ಎಷ್ಟು ಹಿತ, ಎಷ್ಟು ಮಿತ?



ತೆಂಗು ನಮ್ಮ ಪಾಲಿನ ಕಲ್ಪವೃಕ್ಷ. ಎಳನೀರು, ಕಾಯಿ, ಕೊಬ್ಬರಿ, ಗರಿ, ನಾರು, ಚಿಪ್ಪು, ಇವುಗಳಲ್ಲಿ ಬಿಸಾಡತಕ್ಕದ್ದು ಒಂದೂ ಇಲ್ಲ. ತಿಪಟೂರು, ಅರಸೀಕೆರೆ ಸೀಮೆಯ ಎಷ್ಟೋ ಸಂಸಾರಗಳು ಉಂಡೆ ಕೊಬ್ಬರಿಯನ್ನು ನಂಬಿ ಬದುಕುತ್ತಿವೆ. ದಕ್ಷಿಣ ಕನ್ನಡ, ಉಡುಪಿ ಕಡೆಯವರು ತಲೆಮಾರುಗಳಿಂದ ತೆಂಗಿನೆಣ್ಣೆಯಲ್ಲಿಯೇ ಒಗ್ಗರಣೆ ಹಾಕುತ್ತ ಬಂದಿದ್ದಾರೆ.

ಈಚೆಗೆ ಈ ಎಣ್ಣೆಯ ವಿಷಯವಾಗಿ ಎರಡು ಬಗೆಯ ಮಾತು ಹಳ್ಳಿಹಳ್ಳಿಗೂ ಮುಟ್ಟಿದೆ. “ಇದು ಅಮೃತ, ದಿನವೂ ಬರಿಹೊಟ್ಟೆಗೆ ಎರಡು ಚಮಚ ಕುಡಿಯಿರಿ” ಎಂದು ಒಬ್ಬರು ಮೊಬೈಲಿನಲ್ಲಿ ಹೇಳುತ್ತಾರೆ. “ಇದು ಬರಿಯ ವಿಷ, ಮುಟ್ಟಬೇಡಿ” ಎಂದು ಇನ್ನೊಬ್ಬರು ಹೆದರಿಸುತ್ತಾರೆ. ಎರಡೂ ಮಾತು ಅತಿಯಾದವು. ಬೆಳೆದವರಿಗೆ ತಮ್ಮ ಬೆಳೆಯ ಮೇಲೆ ಅಭಿಮಾನವಿರುವುದು ಸಹಜ. ಆದರೆ ದಿನವೂ ಮನೆಮಂದಿಯೆಲ್ಲ ಉಣ್ಣುವ ಎಣ್ಣೆಯನ್ನು ಅಭಿಮಾನದಿಂದಲೂ ಅಂಜಿಕೆಯಿಂದಲೂ ಆರಿಸಬಾರದು, ತಿಳಿದು ಆರಿಸಬೇಕು.

ಎಣ್ಣೆಯೊಳಗೆ ಏನಿದೆ?

ಚಳಿಗಾಲದ ಬೆಳಿಗ್ಗೆ ಕೊಬ್ಬರಿ ಎಣ್ಣೆ ಸೀಸೆಯಲ್ಲಿ ಹೆಪ್ಪುಗಟ್ಟುವುದನ್ನು ನೀವು ನೋಡಿಯೇ ಇದ್ದೀರಿ. ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ತಂಪಾದರೆ ಅದು ಗಟ್ಟಿಯಾಗುತ್ತದೆ. ಪಕ್ಕದಲ್ಲಿಟ್ಟ ಕಡಲೆಕಾಯಿ ಎಣ್ಣೆ, ಸೂರ್ಯಕಾಂತಿ ಎಣ್ಣೆ ಹಾಗಾಗುವುದಿಲ್ಲ. ಕಾರಣ, ಕೊಬ್ಬರಿ ಎಣ್ಣೆಯಲ್ಲಿ ಸ್ಯಾಚುರೇಟೆಡ್ ಕೊಬ್ಬು ಎಂಬ ಜಾತಿಯ ಕೊಬ್ಬು ಬಹಳ ಹೆಚ್ಚು. ಇದನ್ನು ನಾವು ಇಲ್ಲಿ ಗಟ್ಟಿ ಕೊಬ್ಬು ಎಂದು ಕರೆಯೋಣ.

ನೂರು ಗ್ರಾಂ ಕೊಬ್ಬರಿ ಎಣ್ಣೆಯಲ್ಲಿ ಗಟ್ಟಿ ಕೊಬ್ಬು ಸುಮಾರು 90 ಗ್ರಾಂ. ತುಪ್ಪದಲ್ಲಿ 60ಕ್ಕೆ ಸ್ವಲ್ಪ ಮೇಲೆ, ತಾಳೆ ಎಣ್ಣೆಯಲ್ಲಿ ಸುಮಾರು 50, ಕಡಲೆಕಾಯಿ ಎಣ್ಣೆಯಲ್ಲಿ 20ರ ಆಸುಪಾಸು, ಸೂರ್ಯಕಾಂತಿ ಎಣ್ಣೆಯಲ್ಲಿ ಸುಮಾರು 11. ಅಂದರೆ ಗಟ್ಟಿ ಕೊಬ್ಬಿನಲ್ಲಿ ಕೊಬ್ಬರಿ ಎಣ್ಣೆ ತುಪ್ಪವನ್ನೂ ಮೀರಿಸಿದೆ.

ಸೀಸೆಯಲ್ಲಿ ಹೆಪ್ಪುಗಟ್ಟಿದಂತೆ ಅದು ರಕ್ತನಾಳದಲ್ಲಿಯೂ ಹೆಪ್ಪುಗಟ್ಟುತ್ತದೆಂದು ತಿಳಿಯಬೇಡಿ. ನಮ್ಮ ಮೈಯ ಕಾವು 37 ಡಿಗ್ರಿ. ಅಲ್ಲಿ ಅದು ಕರಗಿಯೇ ಇರುತ್ತದೆ. ತೊಂದರೆ ಬರುವ ದಾರಿ ಬೇರೆ. ರಕ್ತದಲ್ಲಿ ಓಡಾಡುವ ಎಲ್‌ಡಿಎಲ್ ಎಂಬ ಕೆಟ್ಟ ಕೊಲೆಸ್ಟರಾಲನ್ನು ಯಕೃತ್ತು ಹಿಡಿದು ತೆಗೆಯುತ್ತಿರುತ್ತದೆ. ಗಟ್ಟಿ ಕೊಬ್ಬನ್ನು ಹೆಚ್ಚಾಗಿ ತಿಂದರೆ ಯಕೃತ್ತಿನ ಈ ಕೆಲಸ ಕುಂದುತ್ತದೆ. ಆಗ ರಕ್ತದಲ್ಲಿ ಕೆಟ್ಟ ಕೊಲೆಸ್ಟರಾಲ್ ಉಳಿದು, ಕಾಲುವೆಯಲ್ಲಿ ಹೂಳು ತುಂಬಿದಂತೆ, ವರ್ಷಗಳ ಕಾಲ ರಕ್ತನಾಳದ ಗೋಡೆಯಲ್ಲಿ ಸೇರುತ್ತ ಹೋಗುತ್ತದೆ. ಹೃದಯಕ್ಕೆ ಹೋಗುವ ನಾಳ ಕಟ್ಟಿಕೊಂಡರೆ ಹೃದಯಾಘಾತ. ಮಿದುಳಿಗೆ ಹೋಗುವ ನಾಳ ಕಟ್ಟಿಕೊಂಡರೆ ಲಕ್ವ. “ತೆಂಗಿನಲ್ಲಿ ಕೊಲೆಸ್ಟರಾಲೇ ಇಲ್ಲ” ಎಂಬ ಮಾತು ನಿಜ. ಆದರೆ ಅದನ್ನು ಹೆಚ್ಚಿಸುವ ಕೊಬ್ಬು ಅದರಲ್ಲಿದೆ ಎಂಬುದೂ ಅಷ್ಟೇ ನಿಜ.

ಪರೀಕ್ಷೆಗಳು ಹೇಳುವುದೇನು?

ಕೊಬ್ಬರಿ ಎಣ್ಣೆ ತಿಂದವರ ರಕ್ತವನ್ನು ಬೇರೆ ಎಣ್ಣೆ ತಿಂದವರ ರಕ್ತದೊಡನೆ ಹೋಲಿಸಿದ 16 ಪ್ರಯೋಗಗಳನ್ನು 2020ರಲ್ಲಿ ಒಟ್ಟುಗೂಡಿಸಿ ನೋಡಲಾಯಿತು. ತೆಂಗು, ತಾಳೆಗಳಲ್ಲದ ಸಸ್ಯದ ಎಣ್ಣೆಗಳಿಗೆ ಹೋಲಿಸಿದರೆ, ಕೊಬ್ಬರಿ ಎಣ್ಣೆಯಿಂದ ಕೆಟ್ಟ ಕೊಲೆಸ್ಟರಾಲ್ ಪ್ರತಿ ಡೆಸಿಲೀಟರ್ ರಕ್ತಕ್ಕೆ ಸುಮಾರು 10 ಮಿಲಿಗ್ರಾಂ ಏರಿತ್ತು. ಒಳ್ಳೆಯ ಕೊಲೆಸ್ಟರಾಲ್ ಎನ್ನುವ ಎಚ್‌ಡಿಎಲ್ ಕೂಡ ಸುಮಾರು 4 ಮಿಲಿಗ್ರಾಂ ಏರಿತ್ತು. ಹಾಗಾದರೆ ಒಂದಕ್ಕೊಂದು ಸರಿಹೋಯಿತಲ್ಲ ಎನ್ನಬಹುದು. ಆದರೆ ಔಷಧಿ ಕೊಟ್ಟು ಒಳ್ಳೆಯ ಕೊಲೆಸ್ಟರಾಲನ್ನು ಏರಿಸಿದಾಗಲೂ ಹೃದಯಾಘಾತ ಕಡಿಮೆಯಾಗಲಿಲ್ಲ. ಕೆಟ್ಟದ್ದನ್ನು ಇಳಿಸಿದಾಗ ಮಾತ್ರ ಕಡಿಮೆಯಾಗಿದೆ.

ಇನ್ನೊಂದು ಪ್ರಯೋಗ ನಮ್ಮ ನೆರೆಯ ಕೇರಳದ ಕೊಚ್ಚಿಯಲ್ಲಿ ನಡೆಯಿತು. ಇದರ ಫಲಿತಾಂಶ 2016ರಲ್ಲಿ ಪ್ರಕಟವಾಯಿತು. 200 ಮಂದಿ ಹೃದ್ರೋಗಿಗಳಲ್ಲಿ ಕೆಲವರಿಗೆ ಕೊಬ್ಬರಿ ಎಣ್ಣೆಯ ಅಡಿಗೆ, ಉಳಿದವರಿಗೆ ಸೂರ್ಯಕಾಂತಿ ಎಣ್ಣೆಯ ಅಡಿಗೆ. ಎರಡು ವರ್ಷ ಕಳೆದರೂ ಎರಡು ಗುಂಪಿನವರಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಆದರೆ ಅವರೆಲ್ಲರೂ ವೈದ್ಯರ ಔಷಧಿಯನ್ನು ತೆಗೆದುಕೊಳ್ಳುತ್ತಿದ್ದವರು. ಔಷಧಿಯಿಲ್ಲದೆ ಇರುವವರಿಗೆ ಈ ಫಲವನ್ನು ಹಾಗೆಯೇ ಅನ್ವಯಿಸಲಾಗದು. ಕೊಬ್ಬರಿ ಎಣ್ಣೆ ವಿಷವೆಂಬ ಮಾತು ಸುಳ್ಳೆಂಬುದಕ್ಕೆ ಇದು ಸಾಕ್ಷಿ; ಅಮೃತವೆಂಬುದಕ್ಕೆ ಅಲ್ಲ.

“ನಮ್ಮ ಅಜ್ಜ ತಿಂದು ಬಾಳಲಿಲ್ಲವೇ?”

ಈ ಪ್ರಶ್ನೆ ಎಲ್ಲ ಊರಿನಲ್ಲಿಯೂ ಬರುತ್ತದೆ. ಪೆಸಿಫಿಕ್ ಸಾಗರದ ಟೊಕೆಲಾವು, ಪುಕಾಪುಕಾ ಎಂಬ ದ್ವೀಪಗಳ ಜನ ತೆಂಗಿನ ಮೇಲೆಯೇ ಬದುಕಿದವರು. ಅವರಲ್ಲಿ ಹೃದ್ರೋಗ ವಿರಳವೆಂದು 1981ರ ವರದಿಯೊಂದು ತಿಳಿಸಿತು. ಆದರೆ ಅವರು ತಿಂದದ್ದು ಮುಖ್ಯವಾಗಿ ತೆಂಗಿನಕಾಯಿಯನ್ನು. ಜೊತೆಗೆ ಮೀನು ತಿಂದರು, ಮೈಮುರಿದು ದುಡಿದರು. ಕಾಯಿಯಲ್ಲಿ ನಾರಿದೆ, ನೀರಿದೆ. ಬೇಗ ಹೊಟ್ಟೆ ತುಂಬುತ್ತದೆ. ಎಣ್ಣೆಯಲ್ಲಿ ಬರಿಯ ಕೊಬ್ಬು.

ನಮ್ಮ ಅಜ್ಜಂದಿರೂ ಹಾಗೆಯೇ. ಅವರು ಸಂತೆಗೆ ನಡೆದೇ ಹೋದರು, ಏತ ಹೊಡೆದರು, ಬೋಂಡ ಹಬ್ಬಕ್ಕೊಮ್ಮೆ ಕಂಡರು. ಇಂದು ಪಂಪುಸೆಟ್ಟು ನೀರೆತ್ತುತ್ತದೆ, ಟ್ರಾಕ್ಟರು ಉಳುತ್ತದೆ, ತೋಟಕ್ಕೆ ಬೈಕು ಹೋಗುತ್ತದೆ. ದುಡಿಮೆ ಇಳಿದ ಮೇಲೆ ಎಣ್ಣೆಯೂ ಇಳಿಯಬೇಡವೇ?

ಗಾಣದ ಎಣ್ಣೆಯಾದರೆ ದೋಷವಿಲ್ಲವೆಂದು ಕೆಲವರ ನಂಬಿಕೆ. ಗಾಣದ ಎಣ್ಣೆಗೆ ಪರಿಮಳ ಉಂಟು, ರುಚಿ ಉಂಟು. ಆದರೆ ಗಟ್ಟಿ ಕೊಬ್ಬಿನ ಪ್ರಮಾಣ ಗಾಣದ್ದರಲ್ಲಿಯೂ ಅಷ್ಟೇ, ಕಾರ್ಖಾನೆಯದರಲ್ಲಿಯೂ ಅಷ್ಟೇ.

ಒಂದು ಸಣ್ಣ ಲೆಕ್ಕ

ದಿನದ ಆಹಾರದ ಶಕ್ತಿಯಲ್ಲಿ ನೂರಕ್ಕೆ ಹತ್ತು ಪಾಲಿಗಿಂತ ಹೆಚ್ಚು ಗಟ್ಟಿ ಕೊಬ್ಬಿನಿಂದ ಬರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ. ದಿನಕ್ಕೆ 2000 ಕ್ಯಾಲೊರಿ ಉಣ್ಣುವವರಿಗೆ ಇದು ಸುಮಾರು 22 ಗ್ರಾಂ. ದಿನವೆಲ್ಲ ಗುದ್ದಲಿ ಹಿಡಿದು ದುಡಿದು 3000 ಕ್ಯಾಲೊರಿ ಉಣ್ಣುವವರಿಗೆ ಸುಮಾರು 33 ಗ್ರಾಂ.

ಒಂದು ದೊಡ್ಡ ಚಮಚ, ಅಂದರೆ 15 ಮಿಲಿಲೀಟರ್, ಕೊಬ್ಬರಿ ಎಣ್ಣೆಯಲ್ಲಿ ಗಟ್ಟಿ ಕೊಬ್ಬು ಸುಮಾರು 12 ಗ್ರಾಂ. ಎರಡು ಚಮಚವಾದರೆ ಮನೆಗೆಲಸದವರ ದಿನದ ಮಿತಿ ಮುಗಿದೇ ಹೋಯಿತು. ಹಾಲು, ತುಪ್ಪ, ಚಟ್ನಿಯ ಕಾಯಿ ಇನ್ನೂ ಲೆಕ್ಕಕ್ಕೆ ಬಂದಿಲ್ಲ. ತುರಿದ ಹಸಿ ತೆಂಗಿನಕಾಯಿಯಲ್ಲಿಯೂ ಮೂರರಲ್ಲೊಂದು ಪಾಲು ಅಥವಾ ಅದಕ್ಕೂ ಹೆಚ್ಚು ಕೊಬ್ಬೇ ಇದೆ. ದಿನವೂ ಹುಳಿಗೆ, ಪಲ್ಯಕ್ಕೆ, ಚಟ್ನಿಗೆ ಕಾಯಿ ಹಾಕುವ ಮನೆಯವರು ಒಗ್ಗರಣೆಗೆ ಬೇರೆ ಎಣ್ಣೆ ಬಳಸುವುದು ಲೇಸು.

ನೀವು ಮಾಡಬೇಕಾದದ್ದು

1. ಕೊಬ್ಬರಿ ಎಣ್ಣೆಯೊಂದನ್ನೇ ನೆಚ್ಚಬೇಡಿ. ದೇಹ ತಾನಾಗಿ ತಯಾರಿಸಿಕೊಳ್ಳಲಾರದ ಕೆಲವು ಕೊಬ್ಬುಗಳು ಅದರಲ್ಲಿ ತೀರ ಕಡಿಮೆ. ಅದರ ಪರಿಮಳ ಬೇಕೇಬೇಕೆನ್ನುವ ಅಡಿಗೆಗೆ ಒಂದು ಸಣ್ಣ ಚಮಚ ಸಾಕು. ಉಳಿದದ್ದಕ್ಕೆ ಕಡಲೆಕಾಯಿ, ಎಳ್ಳು, ಕುಸುಬೆ, ಸೂರ್ಯಕಾಂತಿ ಎಣ್ಣೆಗಳನ್ನು ಬದಲಿಸಿ ಬದಲಿಸಿ ಬಳಸಿರಿ.

2. ಎಣ್ಣೆಯನ್ನು ಡಬ್ಬದಿಂದ ನೇರವಾಗಿ ಸುರಿಯದೆ ಚಮಚದಿಂದ ಅಳೆಯಿರಿ. ಯಾವ ಎಣ್ಣೆಯಾದರೂ ಒಂದು ಗ್ರಾಮಿಗೆ 9 ಕ್ಯಾಲೊರಿ. ದಿನಕ್ಕೆ ತಲೆಗೆ 25 ಗ್ರಾಮಿನಂತೆ ಐವರು ದೊಡ್ಡವರಿರುವ ಮನೆಗೆ ತಿಂಗಳಿಗೆ ಪೌಣೆ ನಾಲ್ಕು ಕಿಲೋ ಆಗುತ್ತದೆ. ನಿಮ್ಮ ಮನೆಯಲ್ಲಿ ಎಷ್ಟು ಖರ್ಚಾಗುತ್ತಿದೆ, ನೋಡಿಕೊಳ್ಳಿ.

3. ಕೊಬ್ಬರಿ ಎಣ್ಣೆ ಬಿಟ್ಟು ವನಸ್ಪತಿಗೆ ಕೈಹಾಕಬೇಡಿ. ಕರಿದ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸಬೇಡಿ.

4. ತಲೆಗೆ ಹಚ್ಚುವ, ಸುವಾಸನೆ ಬೆರೆಸಿದ ಎಣ್ಣೆಯನ್ನು ಅಡಿಗೆಗೆ ಬಳಸಬಾರದು. ತಿನ್ನುವ ಎಣ್ಣೆಯ ಪೊಟ್ಟಣದ ಮೇಲೆ ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕಿಯ ಪರವಾನಗಿ ಸಂಖ್ಯೆ ಇರುತ್ತದೆ. ಅದನ್ನು ನೋಡಿ ಕೊಳ್ಳಿರಿ.

5. ಮೂವತ್ತು ವರ್ಷ ದಾಟಿದವರೆಲ್ಲ ರಕ್ತದ ಒತ್ತಡ, ಸಕ್ಕರೆ ಪರೀಕ್ಷಿಸಿಕೊಳ್ಳಬೇಕು. ಆಶಾ ಕಾರ್ಯಕರ್ತೆಯನ್ನು ಕೇಳಿದರೆ ಎಲ್ಲಿಗೆ ಹೋಗಬೇಕೆಂದು ತಿಳಿಸುತ್ತಾರೆ. ಕೊಲೆಸ್ಟರಾಲ್ ಹೆಚ್ಚಿರುವವರು, ಸಕ್ಕರೆ ಕಾಯಿಲೆಯವರು, ಹೃದ್ರೋಗಿಗಳು ಎಣ್ಣೆಯ ವಿಷಯದಲ್ಲಿ ವೈದ್ಯರ ಮಾತು ಕೇಳತಕ್ಕದ್ದು. ಎಣ್ಣೆ ಬದಲಿಸಿದೆವೆಂದು ಗುಳಿಗೆ ನಿಲ್ಲಿಸಬಾರದು.

6. ಎರಡು ವರ್ಷದೊಳಗಿನ ಮಕ್ಕಳಿಗೆ ಈ ಮಿತಿಯ ಲೆಕ್ಕ ಹಾಕಬೇಡಿ. ಬೆಳೆಯುವ ಕೂಸಿಗೆ ಕೊಬ್ಬು ಬೇಕು.

ಹೀಗೆ ಮಾಡಿದರೆ ತೆಂಗಿಗೆ ಬೆಲೆ ಬಿದ್ದೀತೆಂಬ ಭಯ ಬೇಡ. ತಿಪಟೂರಿನ ಉಂಡೆ ಕೊಬ್ಬರಿ ಎಣ್ಣೆಗಾಗಿ ಅಲ್ಲ, ತಿನ್ನುವುದಕ್ಕಾಗಿಯೇ ದೂರದೂರಿಗೆ ಹೋಗುತ್ತದೆ. ಎಳನೀರಿಗೂ ಕಾಯಿಗೂ ನಾರಿಗೂ ಕೊಳ್ಳುವವರಿದ್ದಾರೆ. ಸಾಬೂನಿಗೆ, ಕೂದಲಿಗೆ ಎಣ್ಣೆ ಬೇಕೇ ಬೇಕು.

ಊಟ ಬಲ್ಲವನಿಗೆ ರೋಗವಿಲ್ಲವೆಂದು ಹಿರಿಯರು ಹೇಳಿದ್ದಾರೆ. ಕೊಬ್ಬರಿ ಎಣ್ಣೆ ನಿಮ್ಮ ಅಡಿಗೆಮನೆಯಲ್ಲಿರಲಿ, ಆದರೆ ದಿನದ ಎಣ್ಣೆಯಾಗಿ ಅಲ್ಲ, ರುಚಿಯ ಎಣ್ಣೆಯಾಗಿ. ಇಂದು ಸಂಜೆ ಮನೆಯ ಹೆಣ್ಣುಮಕ್ಕಳೊಡನೆ ಕುಳಿತು ತಿಂಗಳ ಎಣ್ಣೆಯ ಲೆಕ್ಕವನ್ನು ಒಮ್ಮೆ ಹಾಕಿ ನೋಡಿರಿ.