ಕೆಂಪು ದ್ರಾಕ್ಷಾಮದ್ಯವೂ ಹಗೇವಿನ ದೀಪವೂ

ಧಾರವಾಡ ಜಿಲ್ಲೆಯ ಕಲಘಟಗಿ ತಾಲೂಕಿನ ದೇವಿಕೊಪ್ಪದ ಸೀಮೆ ಕಾಡಿಗೂ ಭತ್ತದ ಗದ್ದೆಗಳಿಗೂ ಹೆಸರಾದುದೇ ಹೊರತು ದ್ರಾಕ್ಷಿಗಲ್ಲ. ಎಲೆ ಬಹುಕಾಲ ಒದ್ದೆಯಾಗಿದ್ದರೆ ದ್ರಾಕ್ಷಿಗೆ ಬೂಜುರೋಗ ತಪ್ಪದು. ಮಲೆನಾಡಿನ ಅಂಚಿಗಿಂತ ಒಣ ಬಯಲೇ ಅದಕ್ಕೆ ಹಿತ. ಆದುದರಿಂದ ದ್ರಾಕ್ಷಿಯ ತೋಟಗಳನ್ನು ಕಾಣಲು ಉತ್ತರಕ್ಕೆ ವಿಜಯಪುರ, ಬಾಗಲಕೋಟೆಗಳ ಕಡೆಗೋ, ದಕ್ಷಿಣಕ್ಕೆ ನಂದಿಬೆಟ್ಟದ ತಪ್ಪಲಿಗೋ ಹೋಗಬೇಕು. 1988ರಲ್ಲಿ ಸ್ಥಾಪನೆಯಾದ ಗ್ರೋವರ್ ಸಂಸ್ಥೆಯವರು ದೊಡ್ಡಬಳ್ಳಾಪುರದ ಬಳಿ ಫ್ರಾನ್ಸಿನ ತಳಿಗಳನ್ನು ಬೆಳೆಸಿ, ಕ್ಯಾಬರ್ನೆ ಮತ್ತು ಶಿರಾಜ್ ಎಂಬೆರಡನ್ನು ಬೆರೆಸಿ ಕೆಂಪು ಮದ್ಯವನ್ನು ತಯಾರಿಸಿದ್ದಾರೆ. ಜಗತ್ತಿನ ಹಲವೆಡೆ ಇಂತಹ ಸೀಸೆಗಳ ಚೀಟಿಯ ಮೇಲೆ ‘ಹಳೆಯ ಬಳ್ಳಿ’, ‘ಸ್ವಂತ ತೋಟ’, ‘ಮಿಶ್ರಣ’ ಎಂಬ ಮಾತುಗಳಿರುತ್ತವೆ. ಕುಡಿತದ ಪ್ರಶಂಸೆ ನಮ್ಮ ಉದ್ದೇಶವಲ್ಲ. ಈ ಕಸುಬಿನ ಹಿಂದಿರುವ ವಿಜ್ಞಾನವನ್ನು ವಾಚಕರ ಮುಂದಿಡುವುದಷ್ಟೇ ನಮ್ಮ ಬಯಕೆ.

‘ಹಳೆಯ’ ಎಂದರೆ ಎಷ್ಟು ಹಳೆಯದು? ಎಲ್ಲ ದೇಶಗಳೂ ಒಪ್ಪಿದ ಅಳತೆಯೊಂದಿಲ್ಲ. ಆಸ್ಟ್ರೇಲಿಯದ ಬರೋಸಾ ಕಣಿವೆಯವರು 35 ವರ್ಷ ದಾಟಿದ ಬಳ್ಳಿಯನ್ನು ಹಳೆಯದೆಂದು ಕರೆಯುತ್ತಾರೆ. ಅಲ್ಲಿ 1843ರಲ್ಲಿ ನೆಟ್ಟ ಬಳ್ಳಿಗಳೂ ಇನ್ನೂ ಫಲ ಕೊಡುತ್ತಿವೆ. ಚಳಿದೇಶದ ಬಳ್ಳಿ ಹಿಮಗಾಲದಲ್ಲಿ ನಿದ್ರಿಸುತ್ತದೆ. ನಮ್ಮಲ್ಲಿ ಅದಕ್ಕೆ ನಿದ್ರೆಯಿಲ್ಲ. ಏಪ್ರಿಲಿನ ಸುಮಾರಿಗೆ ಒಮ್ಮೆ, ಅಕ್ಟೋಬರಿನ ಸುಮಾರಿಗೆ ಇನ್ನೊಮ್ಮೆ ಚಾಟಣಿ ಮಾಡಿ, ಬೇಸಿಗೆಯ ಆರಂಭದಲ್ಲಿ ಕೊಯ್ಯುತ್ತಾರೆ. ವರ್ಷವಿಡೀ ದುಡಿಯುವ ಇಂತಹ ಬಳ್ಳಿಯಿಂದ ಬರೋಸಾದ ದೀರ್ಘಾಯುಸ್ಸನ್ನು ನಿರೀಕ್ಷಿಸುವುದು ನ್ಯಾಯವಲ್ಲವೆಂದು ನಮಗೆ ತೋರುತ್ತದೆ.

ವಯಸ್ಸಾದ ಬಳ್ಳಿ ಕಡಿಮೆ ಫಲ ಕೊಡುತ್ತದೆ. ಹಣ್ಣೂ ಚಿಕ್ಕದಾದರೆ ರೇಖಾಗಣಿತದ ಒಂದು ಲಾಭವುಂಟು. ಬಹುಪಾಲು ಕಪ್ಪುದ್ರಾಕ್ಷಿಗಳ ತಿರುಳಿಗೆ ಬಣ್ಣವಿಲ್ಲ. ಬಣ್ಣವೂ ಒಗರೂ ಸಿಪ್ಪೆಯಲ್ಲಿವೆ, ಬೀಜದಲ್ಲಿಯೂ ಒಗರುಂಟು. ಗೋಲದ ಮೇಲ್ಮೈಯನ್ನು ಅದರ ಘನಫಲದಿಂದ ಭಾಗಿಸಿದರೆ ಬರುವುದು 3ನ್ನು ತ್ರಿಜ್ಯದಿಂದ ಭಾಗಿಸಿದಷ್ಟು. ತ್ರಿಜ್ಯ ಅರ್ಧವಾದರೆ ಅಷ್ಟೇ ರಸಕ್ಕೆ ಸಿಪ್ಪೆ ಇಮ್ಮಡಿ. ಕ್ಯಾಬರ್ನೆಯ ಹಣ್ಣು ಚಿಕ್ಕದು, ಸಿಪ್ಪೆ ದಪ್ಪ, ಒಗರು ಹೆಚ್ಚು. ಅದನ್ನು ಮೃದುವಾಗಿಸಲು ಶಿರಾಜನ್ನು ಬೆರೆಸುವುದುಂಟು. ಎಷ್ಟಕ್ಕೆ ಎಷ್ಟು ಎಂಬುದನ್ನು ಮಾತ್ರ ಇಂದಿಗೂ ನಾಲಗೆಯೇ ನಿರ್ಣಯಿಸುತ್ತದೆ.

ಇನ್ನು ಹುದುಗುವಿಕೆ. ಒಂದು ಲೀಟರು ರಸದಲ್ಲಿ 220 ಗ್ರಾಂ ಸಕ್ಕರೆಯಿದೆಯೆನ್ನೋಣ. ಯೀಸ್ಟ್ ಎಂಬ ಸೂಕ್ಷ್ಮಜೀವಿಯು 180 ಗ್ರಾಂ ಸಕ್ಕರೆಯನ್ನು 92 ಗ್ರಾಂ ಮದ್ಯಸಾರವನ್ನಾಗಿಯೂ 88 ಗ್ರಾಂ ಇಂಗಾಲಾಮ್ಲ ವಾಯುವನ್ನಾಗಿಯೂ ಒಡೆಯುತ್ತದೆ. ಜೊತೆಗೆ ಸುಮಾರು 24 ಕಿಲೊಕ್ಯಾಲರಿ ಶಾಖ ಹೊರಬೀಳುತ್ತದೆ. ಈ ಲೆಕ್ಕದಂತೆ ನಮ್ಮ ಒಂದು ಲೀಟರಿನಿಂದ ಸುಮಾರು 29 ಕಿಲೊಕ್ಯಾಲರಿ ದೊರೆಯಬೇಕು. ಒಂದು ಕಿಲೊಕ್ಯಾಲರಿ ಒಂದು ಲೀಟರು ನೀರನ್ನು ಒಂದು ಡಿಗ್ರಿ ಕಾಯಿಸುತ್ತದೆಂಬುದನ್ನು ವಿದ್ಯಾರ್ಥಿಗಳು ಬಲ್ಲರು. ಶಾಖಕ್ಕೆ ದಾರಿ ಕೊಡದಿದ್ದರೆ 25 ಡಿಗ್ರಿಯ ರಸ 50 ಡಿಗ್ರಿಯನ್ನು ಮೀರಬೇಕು! ಆದರೆ 40ರ ಆಸುಪಾಸಿನಲ್ಲಿಯೇ ಯೀಸ್ಟ್ ಸೋತು ಸಾಯುತ್ತದೆ. ಸಕ್ಕರೆ ಉಳಿದು ರಸ ಕೆಡುತ್ತದೆ. ನಮ್ಮ ಕೊಯ್ಲು ಬಿಸಿಲೇರುವ ಕಾಲದಲ್ಲಿ ಬರುವುದರಿಂದ, ತೊಟ್ಟಿಯನ್ನು ತಂಪಿಸುವ ಯಂತ್ರವಿಲ್ಲದೆ ಇಲ್ಲಿ ಈ ಕಸುಬು ಸಾಗದು.

ಶಾಖಕ್ಕಿಂತಲೂ ಭಯಂಕರವಾದುದು ಆ ವಾಯು. ಒಂದು ಲೀಟರು ರಸದಿಂದ ಹೊರಡುವುದು ಸುಮಾರು 107 ಗ್ರಾಂ, ಎಂದರೆ ಬೆಚ್ಚಗಿನ ಕೋಣೆಯಲ್ಲಿ 60 ಲೀಟರು. 5000 ಲೀಟರಿನ ಒಂದು ತೊಟ್ಟಿ ಕೆಲವು ದಿನಗಳಲ್ಲಿ ಉಗುಳುವ ವಾಯು, ಹತ್ತು ಮೀಟರು ಉದ್ದ, ಹತ್ತು ಮೀಟರು ಅಗಲ, ಮೂರು ಮೀಟರು ಎತ್ತರದ ಕೋಣೆಯನ್ನು ತುಂಬಿಬಿಡಬಲ್ಲುದು. ಅದು ಗಾಳಿಗಿಂತ ಒಂದೂವರೆ ಪಟ್ಟು ಭಾರ, ಬಣ್ಣವಿಲ್ಲ, ತಗ್ಗಿನಲ್ಲಿ ನೀರಿನಂತೆ ನಿಲ್ಲುತ್ತದೆ. ಕೆಂಪು ಮದ್ಯದಲ್ಲಿ ಸಿಪ್ಪೆಗಳು ಮೇಲೆ ತೇಲಿ ದಪ್ಪ ಪದರವಾಗುವುದರಿಂದ ಅವನ್ನು ದಿನವೂ ಕೆಳಗೆ ಅದುಮಬೇಕು, ಕೊನೆಗೆ ಒಳಗಿಳಿದು ಬಾಚಿ ತೆಗೆಯಬೇಕು. ಆಳುಗಳಿಗೆ ಅಪಾಯ ಒದಗುವುದು ಆಗಲೇ.

ನವಲಗುಂದ, ಅಣ್ಣಿಗೇರಿಗಳ ಕಡೆಯ ವಾಚಕರಿಗೆ ಇದು ಹೊಸತಲ್ಲ. ಜೋಳವನ್ನು ತುಂಬಿಡುತ್ತಿದ್ದ ಹಗೇವಿನ ಬಾಯಿ ತೆರೆದೊಡನೆ ಹಿರಿಯರು ಇಳಿಯುತ್ತಿರಲಿಲ್ಲ. ಗಾಳಿಯಾಡಲು ಬಿಟ್ಟು, ದೀಪವನ್ನು ಇಳಿಬಿಟ್ಟು, ಅದು ಆರದಿದ್ದರೆ ಮಾತ್ರ ಇಳಿಯುತ್ತಿದ್ದರು. ಹಾಗಾದರೆ ಅದೇ ದೀಪ ಮದ್ಯದ ತೊಟ್ಟಿಗೂ ಸಾಲದೆ? ಸಾಲದು. ಹಗೇವಿನಲ್ಲಿ ಕಾಳು ಉಸಿರಾಡಿ ಆಮ್ಲಜನಕವನ್ನು ತಿನ್ನುತ್ತದೆ. ಅದು ಶೇಕಡ 21ರಿಂದ 16ಕ್ಕೆ ಇಳಿದು ದೀಪ ಆರುವ ಹೊತ್ತಿಗೆ ಇಂಗಾಲಾಮ್ಲ ಸುಮಾರು ಶೇಕಡ 5 ಆಗಿರುತ್ತದೆ. ತೊಟ್ಟಿಯಲ್ಲಾದರೋ ಆಮ್ಲಜನಕವನ್ನು ಯಾರೂ ತಿನ್ನುವುದಿಲ್ಲ. ಹೊಸ ವಾಯು ಇಡೀ ಗಾಳಿಯನ್ನೇ ಹೊರದೂಡುತ್ತದೆ. ಇಂಗಾಲಾಮ್ಲ ಶೇಕಡ 10 ಆದಾಗಲೂ ಆಮ್ಲಜನಕ ಶೇಕಡ 19ರಷ್ಟು ಉಳಿದಿರುತ್ತದೆ. ದೀಪ ಇನ್ನೂ ಉರಿಯುತ್ತಿರಬಹುದು. ಮನುಷ್ಯನಾದರೋ ಕೆಲವೇ ನಿಮಿಷಗಳಲ್ಲಿ ಎಚ್ಚರ ತಪ್ಪುತ್ತಾನೆ. ಉಸಿರುಗಟ್ಟಿಸುವುದು ಇಲ್ಲಿ ಆಮ್ಲಜನಕದ ಕೊರತೆಯೊಂದೇ ಅಲ್ಲ, ರಕ್ತದಲ್ಲಿ ಸೇರುವ ಇಂಗಾಲಾಮ್ಲ ತಾನೇ ವಿಷದಂತೆ ವರ್ತಿಸುತ್ತದೆ.

ಆದುದರಿಂದ ಸುವ್ಯವಸ್ಥಿತ ಮದ್ಯಶಾಲೆಗಳಲ್ಲಿ ದೀಪವನ್ನು ನಂಬದೆ, ಇಂಗಾಲಾಮ್ಲವನ್ನೇ ಅಳೆಯುವ ಉಪಕರಣವನ್ನು ಇಡುತ್ತಾರೆ. ಕೆಟ್ಟ ಗಾಳಿಯನ್ನು ಸೆಳೆದು ಹೊರಹಾಕುವ ಪಂಖೆಯನ್ನು ನೆಲದ ಬಳಿಯಲ್ಲಿ ಕೂರಿಸುತ್ತಾರೆ. ತೊಟ್ಟಿಗಿಳಿಯುವವನ ಸೊಂಟಕ್ಕೆ ಹಗ್ಗವಿರುತ್ತದೆ, ಅದರ ತುದಿಯನ್ನು ಹಿಡಿದು ಮೇಲೊಬ್ಬನು ನಿಂತಿರುತ್ತಾನೆ. ಒಳಗಿನವನು ಕುಸಿದರೆ ಮೇಲಿನವನು ಹಗ್ಗವನ್ನು ಎಳೆಯಬೇಕೇ ವಿನಾ ತಾನೂ ಧುಮುಕಬಾರದು. ಏಕೆಂದರೆ ಕೆಳಗೆ ಅವನು ಉಸಿರಾಡಬೇಕಾದುದೂ ಅದೇ ವಾಯುವನ್ನು.